ಬೆನ್ನು ಹಿಡಿದ ಟ್ರ್ಯಾಕ್ಟರು

ಹಳೆಯ ಟ್ರ್ಯಾಕ್ಟರುಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು, ನಿಜ. ಆದರೆ ಬೇರೆಯವರು ಹೊಗಳಲಿ ಎಂದು ಮೂವತ್ತೊಂದು ವರ್ಷ ಕಾದಿದ್ದೇನೆ. ರಿಪೇರಿಯಾದ ಗಾಡಿ ಹತ್ತಿದ ಮನುಷ್ಯನಿಗೆ ಎಂಜಿನ್ನಿನ ಸದ್ದಿನಲ್ಲಿ ನಾನು ಇರುವುದೇ ಮರೆತುಹೋಗುತ್ತದೆ. ಹಾಗಾಗಿ ಆ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತೇನೆ.

ಒಂದು ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಘೋಷಿಸಿದೆ.

"ಹದಿನಾಲ್ಕು ವರ್ಷದಿಂದ ಉಸಿರೆತ್ತದೆ ನಿಂತಿರೋ ಟ್ರ್ಯಾಕ್ಟರೊಂದು ನಾಳೆ ಬರ್ತಿದೆ. ಶನಿವಾರ ಅದು ಗುಡುಗಬೇಕು. ಈ ಎರಡು ಕೈಯಿಂದ ಗುಡುಗಿಸ್ತೀನಿ."

ಅವಳು ನನ್ನ ಎರಡು ಕೈಗಳನ್ನೂ ನೋಡಿದಳು. ಎಡಗೈಯಲ್ಲಿ ಚಮಚವಿತ್ತು. ಬಲಗೈ ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿಯಲ್ಲಿ ತೊಟ್ಟಿಲ ಕೂಸಿನ ಹಾಗೆ ಮಲಗಿತ್ತು.

"ಚಮಚ ಇನ್ನೂ ಬಾಯಿಗೆ ನೆಟ್ಟಗೆ ಸೇರ್ತಿಲ್ಲ. ಟ್ರ್ಯಾಕ್ಟರ್ ವಿಷಯ ಆಮೇಲೆ ನೋಡೋಣ," ಎಂದಳು.

ನನ್ನ ಹೆಂಡತಿ ಶಾಲಾ ಬಸ್ಸಿನ ಡ್ರೈವರು. ನಲವತ್ತು ಮಕ್ಕಳನ್ನು ಒಂದೇ ಕನ್ನಡಿಯಲ್ಲಿ ದಿಟ್ಟಿಸಿ ಸುಮ್ಮನಾಗಿಸುವವಳಿಗೆ ಒಬ್ಬ ಗಂಡ ಯಾವ ಲೆಕ್ಕ? ನಾನು ಅಂಗಿಯ ಮೇಲೆ ಬಿದ್ದದ್ದನ್ನು ಒರೆಸಿಕೊಂಡೆ.

ಬಲಗೈಯ ಕಥೆ ಚಿಕ್ಕದು. ಎರಡು ತಿಂಗಳ ಹಿಂದೆ ಯಾರದೋ ಟ್ರ್ಯಾಕ್ಟರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದೆ. ಎಂಜಿನ್ನು ಮುಂದಕ್ಕೆ ತಿರುಗುವ ಬದಲು ಹಿಂದಕ್ಕೆ ಒದೆಯಿತು. ಮೂವತ್ತೊಂದು ವರ್ಷ ಕೈಹಿಡಿದು ನಡೆಸಿದವನಿಗೇ ಅದು ಕೈಕೊಟ್ಟಿತು. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು.

ಇದು ಊರಿಗೆಲ್ಲ ಗೊತ್ತಿದ್ದ ನೋವು. ಯಾರಿಗೂ ಹೇಳದ ನೋವುಗಳು ಬೇರೆಯೇ ಇದ್ದವು. ಎಡಮಂಡಿ ಮೆಟ್ಟಿಲು ಇಳಿಯುವಾಗ ಗ್ರೀಸು ಕಾಣದ ಬೇರಿಂಗಿನ ಹಾಗೆ ಕರಕರ ಎನ್ನುತ್ತಿತ್ತು. ಬಲಭುಜ ಮೇಲೇಳುತ್ತಿರಲಿಲ್ಲ, ತಲೆಯ ಹತ್ತಿರ ಬಾಚಣಿಗೆ ಒಯ್ಯುವುದನ್ನು ಬಿಟ್ಟು ಬಾಚಣಿಗೆಯ ಹತ್ತಿರ ತಲೆ ಒಯ್ಯುತ್ತಿದ್ದೆ. ಇವೆಲ್ಲದರ ಮಹಾರಾಜ ನನ್ನ ಬೆನ್ನು. ಎರಡು ವರ್ಷದಿಂದ ಬೆಳಿಗ್ಗೆ ಬಗ್ಗಿ ಕಾಲುಚೀಲ ಹಾಕಿಕೊಳ್ಳಲು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಳಗೆ ನಾನು ಪಡುತ್ತಿದ್ದ ಪಾಡು ಹೆಂಡತಿಗೆ ಕೇಳದಿರಲೆಂದು ಶಿಳ್ಳೆ ಹಾಕುತ್ತಿದ್ದೆ. ಗಂಡ ಬೆಳಗಾಗುತ್ತಲೇ ಇಷ್ಟು ಖುಷಿಯಾಗಿರುತ್ತಾನಲ್ಲ ಎಂದು ಅವಳಿಗೂ ಸಮಾಧಾನ.

ಯಾಕೆ ಮುಚ್ಚಿಟ್ಟೆ? ಬಾಯಿಬಿಟ್ಟು ಹೇಳಿದರೆ ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. "ಸಾಕು, ಶೆಡ್ ಮುಚ್ಚಿ" ಎನ್ನುತ್ತಾರೆ. ಮನೆಯ ಹಿಂದಿನ ಆ ತಗಡಿನ ಶೆಡ್ಡು ಮುಚ್ಚಿದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?

ಕೈಯ ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಮಾಡಿಸಲು ನನ್ನನ್ನು ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದ್ದರು. ಕಡಿಮೆ ಮಾತಿನ, ಬಿಗಿ ಹಿಡಿತದ ಹೆಂಗಸು. ಆ ಸೋಮವಾರ ಬೆಳಿಗ್ಗೆ ನನ್ನ ಬೆರಳು ಒಂದೊಂದಾಗಿ ಮಡಚಿಸುತ್ತಾ ಕೇಳಿದರು.

"ಹೇಗೆ ಪೆಟ್ಟಾಯ್ತು?"

"ಟ್ರ್ಯಾಕ್ಟರ್ ಒದೀತು."

ಅವರ ಕೈ ನಿಂತಿತು. "ನಮ್ಮ ಚಿಕ್ಕಪ್ಪನೂ ಒದೀತಿದ್ರು."

ನಾನು ಮೆಲ್ಲಗೆ ನನ್ನ ಕೈ ಹಿಂದಕ್ಕೆಳೆದುಕೊಂಡೆ. ಅವರೇ ನಕ್ಕು ಬಿಡಿಸಿ ಹೇಳಿದರು. ಅವರನ್ನು ಸಾಕಿ ಬೆಳೆಸಿದವರು ಚಿಕ್ಕಪ್ಪ. ಆತನ ಹತ್ತಿರ ಒಂದು ಟ್ರ್ಯಾಕ್ಟರಿತ್ತು. ಇಬ್ಬರೂ ಒಂದೇ ರೀತಿ ಕೆಮ್ಮುತ್ತಿದ್ದರಿಂದ ಮನೆಯವರು ಅದಕ್ಕೂ ಚಿಕ್ಕಪ್ಪ ಎಂದೇ ಹೆಸರಿಟ್ಟಿದ್ದರು. ಚಿಕ್ಕಪ್ಪ ಹೋಗಿ ಹದಿನಾಲ್ಕು ವರ್ಷ. ಟ್ರ್ಯಾಕ್ಟರು ಅಂದಿನಿಂದ ಕೊಟ್ಟಿಗೆಯಲ್ಲಿ ನಿಂತೇ ಇತ್ತು. ಆತನ ತುಂಡು ಹೊಲವೂ ಹಾಗೇ ಬಿದ್ದಿತ್ತು. ಈ ವರ್ಷ ಅದನ್ನು ತಾವೇ ಉಳಬೇಕೆಂದು ಡಾಕ್ಟರಮ್ಮನಿಗೆ ಆಸೆ. ಮಣ್ಣು ಈಗ ಹದವಾಗಿದೆ. ಭಾನುವಾರ ದಾಟಿದರೆ ಗಟ್ಟಿಯಾಗುತ್ತದೆ.

"ಬೇರೆ ಟ್ರ್ಯಾಕ್ಟರ್ ಬಾಡಿಗೆಗೆ ತರಬಹುದು," ಎಂದು ಅವರು ನನ್ನ ಹೆಬ್ಬೆರಳು ಒತ್ತಿದರು. "ಆದ್ರೆ ಚಿಕ್ಕಪ್ಪನ ಹೊಲಕ್ಕೆ ಚಿಕ್ಕಪ್ಪನೇ ಹೋಗಲಿ ಅಂತ."

ಇಂಥ ಮಾತು ಕೇಳಿದ ಮೇಲೆ ನನ್ನಂಥವನು ಸುಮ್ಮನಿರುವುದುಂಟೆ?

"ಶನಿವಾರಕ್ಕೆ ರೆಡಿ ಮಾಡಿಕೊಡ್ತೀನಿ," ಎಂದೆ.

"ನಿಮ್ಮ ಕೈಗೆ ಇನ್ನೂ ಆರು ವಾರ ಬೇಕು."

"ನಿಮ್ಮ ಟ್ರ್ಯಾಕ್ಟರಿಗೆ ಆರು ದಿನ ಸಾಕು."

ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಆದರೆ ಬಲಗೈಯಲ್ಲಿ ನೀರಿನ ಲೋಟಕ್ಕಿಂತ ಭಾರವಾದದ್ದನ್ನು ಮುಟ್ಟಬಾರದು, ಬುಧವಾರ ಹನ್ನೊಂದೂವರೆಗೆ ತಪ್ಪದೆ ವ್ಯಾಯಾಮಕ್ಕೆ ಬರಬೇಕು ಎಂದು ಷರತ್ತು ಹಾಕಿದರು. ನಾನು ಎಡಗೈ ಎತ್ತಿ ಪ್ರಮಾಣ ಮಾಡಿದೆ. ಎತ್ತಿದ್ದಕ್ಕೆ ಬೆನ್ನು ಚುಳಕ್ ಎಂದಿತು, ಶಿಳ್ಳೆ ಹಾಕಿದೆ.

ಮಂಗಳವಾರ ಚಿಕ್ಕಪ್ಪ ಲಾರಿಯ ಮೇಲೆ ದಯಮಾಡಿಸಿದರು. ಕೆಂಪು ಬಣ್ಣ ಸುಲಿದು, ಸೀಟಿನೊಳಗೆ ಇಲಿ ಸಂಸಾರ ಹೂಡಿ, ಸ್ಟೇರಿಂಗಿಗೆ ಜೇಡ ತೋರಣ ಕಟ್ಟಿತ್ತು. ಮುಟ್ಟಿ ನೋಡಿದೆ. ಕಬ್ಬಿಣ ಗಟ್ಟಿ. ನನ್ನ ಕಣ್ಣಿಗೆ ಇಂಥವು ಸತ್ತ ಯಂತ್ರಗಳಲ್ಲ, ಮುನಿಸಿಕೊಂಡವು.

ಹೆಂಡತಿಗೆ ಹೇಳಿದ್ದು ಹೀಗೆ: "ನಾನು ಬರೀ ನೋಡಿ ಯೋಚನೆ ಮಾಡ್ತೀನಿ. ಭಾರದ ಕೆಲಸಕ್ಕೆ ಪಕ್ಕದ ಬಡಗಿಯನ್ನ ಕರೀತೀನಿ." ಅವಳು ನಂಬಿದಳೋ ಇಲ್ಲವೋ, ಬುಧವಾರ ಮಕ್ಕಳನ್ನು ಶಾಲೆಗೆ ಬಿಟ್ಟು, ಬಸ್ಸಿನ ಟೈರು ಬದಲಾಯಿಸಲು ಹೋದಳು. ಒಂದು ಗಂಟೆಯವರೆಗೆ ಬರುವುದಿಲ್ಲ. ಶೆಡ್ಡಿನಲ್ಲಿ ನಾನು ಮತ್ತು ಚಿಕ್ಕಪ್ಪ.

ಎಂಜಿನ್ನಿನ ತಳದಲ್ಲಿ ಹದಿನಾಲ್ಕು ವರ್ಷದ ಹಳೇ ಎಣ್ಣೆ ಟಾರಿನ ಹಾಗೆ ಕೂತಿತ್ತು. ಅದನ್ನು ಇಳಿಸಲು ಕೆಳಗಿನ ಬೋಲ್ಟು ಬಿಚ್ಚಬೇಕು. ಬಡಗಿಯನ್ನು ಕರೆಯಬಹುದಿತ್ತು. ಒಂದು ಬೋಲ್ಟಿಗೆ ಇನ್ನೊಬ್ಬನ ಕೈಕಾಲು ಹಿಡಿಯಬೇಕೆ? ಗಾಲಿ ಹಚ್ಚಿದ ಹಲಗೆಯ ಮೇಲೆ ಮಲಗಿ, ಎಡಗೈಯಲ್ಲಿ ಸ್ಪ್ಯಾನರು ಹಿಡಿದು, ರಾಜಠೀವಿಯಿಂದ ಟ್ರ್ಯಾಕ್ಟರಿನ ಕೆಳಗೆ ಜಾರಿಕೊಂಡೆ. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

ಬೋಲ್ಟು ಜಗ್ಗಲಿಲ್ಲ. ಎಳೆದೆ. ಬೈದೆ. ಬೇಡಿಕೊಂಡೆ. ಮತ್ತೆ ಮೈಯ ಬಲವನ್ನೆಲ್ಲ ಒಟ್ಟುಮಾಡಿ ಎಳೆದೆ. ಒಂದೇ ಕ್ಷಣದಲ್ಲಿ ಎರಡು ಸಂಗತಿಗಳು ನಡೆದವು: ಬೋಲ್ಟು ಬಿಟ್ಟಿತು, ಬೆನ್ನು ಹಿಡಿಯಿತು.

ಹಿಡಿದದ್ದು ಎಂದರೆ ಹೇಗೆ! ಸೊಂಟದಿಂದ ಕುತ್ತಿಗೆಯವರೆಗೆ ಯಾರೋ ವೆಲ್ಡಿಂಗ್ ಮಾಡಿದ ಹಾಗೆ. ಕಾಲು ಅಲುಗಿಸಿದರೆ ಕಣ್ಣಿನಲ್ಲಿ ಕಿಡಿ. ಇತ್ತ ಬೋಲ್ಟು ಬಿಟ್ಟ ತೂತಿನಿಂದ ಹಳೇ ಎಣ್ಣೆ ಆರಾಮವಾಗಿ ಇಳಿದು, ಪಕ್ಕದಲ್ಲಿ ಇಟ್ಟಿದ್ದ ಬಾಣಲೆಯನ್ನು ಬಿಟ್ಟು, ನನ್ನ ಕೈಯ ಪಟ್ಟಿಯೊಳಗೆ ಹರಿಯತೊಡಗಿತು. ಪಟ್ಟಿ ತುಂಬಿದ ಮೇಲೆ ಎದೆಗೆ, ಎದೆಯಿಂದ ಕಿವಿಗೆ. ಫೋನು ದೂರದ ಮೇಜಿನ ಮೇಲಿತ್ತು.

ಹನ್ನೊಂದು ಗಂಟೆಗೆ ಬಡಗಿ ಬಂದ. ಹೊರಗೆ ಚಾಚಿದ್ದ ನನ್ನ ಪಾದಗಳನ್ನು ನೋಡಿ ಮಾತಿಗಿಳಿದ.

"ಮೇಸ್ತ್ರಿ, ಏನು ನಡೆದಿದೆ?"

"ಸಹಾಯ ಮಾಡಪ್ಪ" ಎನ್ನಲು ಬಾಯಿ ತೆರೆದೆ. ಆದರೆ ಇದೇ ಬಡಗಿಗೆ ಕಳೆದ ವಾರವಷ್ಟೇ "ನಲವತ್ತಕ್ಕೇ ಸೊಂಟ ನೋವು ಅಂತೀಯಲ್ಲ, ನನ್ನ ನೋಡಿ ಕಲಿ" ಎಂದು ಅರ್ಧ ಗಂಟೆ ಉಪದೇಶ ಮಾಡಿದ್ದೆ.

"ಯೋಚನೆ ಮಾಡ್ತಿದೀನಿ," ಎಂದೆ.

"ಮಲ್ಕೊಂಡಾ?"

"ತಲೆಗೆ ರಕ್ತ ಸರಿಯಾಗಿ ಹರಿಯುತ್ತೆ."

"ಹೌದಾ," ಎಂದು ಅವನು ಭಕ್ತಿಯಿಂದ ಸ್ವಲ್ಪ ಹೊತ್ತು ನಿಂತ. "ಎಣ್ಣೆ ಸೋರ್ತಿದೆ ಅನಿಸುತ್ತೆ."

"ಅದೂ ಯೋಚನೆಯ ಭಾಗವೇ."

ಅವನು ನನ್ನ ಡ್ರಿಲ್ಲಿಂಗ್ ಮೆಷಿನ್ ಎರವಲು ತೆಗೆದುಕೊಂಡು, ತೊಂದರೆ ಆಗದಿರಲಿ ಎಂದು ಶೆಡ್ಡಿನ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೋದ. ನನ್ನ ಜಂಬವನ್ನು ಅಂದು ಮೊದಲ ಬಾರಿಗೆ ಬಾಯ್ತುಂಬ ಶಪಿಸಿದೆ.

ಹನ್ನೊಂದೂಕಾಲಿಗೆ ಕೊರಿಯರಿನವನು ಬಂದ. ತುಂಬಾ ಅವಸರದ ಮನುಷ್ಯ. "ಪಾರ್ಸೆಲ್ ಇದೆ," ಎಂದ. "ಇಲ್ಲಿ, ಇಲ್ಲಿ ಕೊಡಿ," ಎಂದು ನಾನು ಕೂಗುವಷ್ಟರಲ್ಲಿ ಅದನ್ನು ಟ್ರ್ಯಾಕ್ಟರಿನ ಸೀಟಿನ ಮೇಲಿಟ್ಟು ಹೋಗಿಯೇಬಿಟ್ಟಿದ್ದ. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಬೆನ್ನುನೋವಿಗೆ ಬಿಸಿ ಕೊಡುವ ಬೆಲ್ಟು. ಹೆಂಡತಿಗೆ ಗೊತ್ತಾಗದ ಹಾಗೆ ತರಿಸಿದ್ದೆ. ಈಗ ಅದು ನನ್ನ ಬೆನ್ನಿನಿಂದ ಸರಿಯಾಗಿ ನಾಲ್ಕು ಅಡಿ ಮೇಲಿತ್ತು, ನಡುವೆ ಒಂದು ಎಂಜಿನ್ನು.

ಹನ್ನೊಂದೂವರೆಯಾಯಿತು. ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಮತ್ತೆ ಬಡಿದುಕೊಂಡಿತು. ಮೂರನೇ ಸಲವೂ ಬಡಿದುಕೊಂಡು ಸುಮ್ಮನಾಯಿತು. ಮೂರು ಸಲ ನನ್ನನ್ನು ಕರೆದ ಡಾಕ್ಟರಮ್ಮ ನಾಲ್ಕನೆಯದಾಗಿ ಕರೆದದ್ದು ನನ್ನ ಹೆಂಡತಿಯನ್ನು ಎಂದೂ, ಟೈರು ಕಳಚಿ ನಿಂತಿದ್ದ ಬಸ್ಸು ಕೂಡಲೇ ಹೊರಡುವಂತಿರಲಿಲ್ಲ ಎಂದೂ ಆಮೇಲೆ ತಿಳಿಯಿತು.

ಅಲ್ಲಿ ಮಲಗಿ ನಾನು ಮಾಡಿದ ಯೋಚನೆಗಳನ್ನೆಲ್ಲ ಹೇಳುವುದಿಲ್ಲ. ತಮಾಷೆ ಸ್ವಲ್ಪ ಹೊತ್ತಿಗೆ ಮುಗಿದುಹೋಯಿತು. ಮೂಗಿನ ಮೇಲೆ ಒಂದು ಗೇಣು ಅಂತರದಲ್ಲಿ ತುಕ್ಕು ಹಿಡಿದ ಕಬ್ಬಿಣ. ಇಷ್ಟು ವರ್ಷ ಇಂಥ ಕಬ್ಬಿಣವನ್ನು ಎಬ್ಬಿಸಿ ಕಳಿಸಿದವನು, ಈಗ ನಾನೇ ಏಳಲಾರೆ. ಶೆಡ್ಡು ಮುಚ್ಚುವ ದಿನ ಬಂತು, ಅದಕ್ಕೆ ಬೀಗ ನಾನೇ ಹಾಕಿಕೊಂಡೆ ಎನಿಸಿ ಕಣ್ಣು ಒದ್ದೆಯಾಯಿತು. ಎಣ್ಣೆಯಿಂದ ಉರಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದೂಕಾಲಿಗೆ ಹೊರಗೆ ಬಸ್ಸು ನಿಂತ ಸದ್ದು. ಬಾಗಿಲು ತೆರೆಯಿತು. ನನ್ನ ಪಾದಗಳ ಎದುರಿಗೆ ಎರಡು ಜೊತೆ ಪಾದಗಳು ಬಂದು ನಿಂತವು. ಆಮೇಲೆ ಎಡಗಡೆಯಿಂದ ಒಂದು ಮುಖ, ಬಲಗಡೆಯಿಂದ ಒಂದು ಮುಖ ಬಗ್ಗಿದವು.

"ಎಷ್ಟು ಹೊತ್ತಾಯ್ತು?" ಹೆಂಡತಿ ಕೇಳಿದಳು.

"ಈಗ ತಾನೇ ಒಳಗೆ ಬಂದೆ."

"ಎಣ್ಣೆ ಕಿವಿಯಲ್ಲಿ ಹೆಪ್ಪುಗಟ್ಟಿದೆ," ಎಂದರು ಡಾಕ್ಟರಮ್ಮ.

ಇಬ್ಬರೂ ಹಲಗೆ ಹಿಡಿದು ಎಳೆದರು. ಬೇಕರಿ ಒಲೆಯಿಂದ ತಟ್ಟೆ ಎಳೆದ ಹಾಗೆ ಹೊರಬಂದೆ. ಡಾಕ್ಟರಮ್ಮ ಅಲ್ಲೇ ನೆಲದ ಮೇಲೆ ಮಂಡಿಯೂರಿ, ಉಸಿರು ಬಿಡಿ ಎಂದು, ಒಂದೊಂದೇ ಮಂಡಿಯನ್ನು ಎದೆಯ ಕಡೆಗೆ ತಂದು, ಕಾಲು ಗಂಟೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹಾಗೆ ತರುವಾಗ ಮಂಡಿ ಕರಕರ ಎಂದಿತು. ಭುಜ ಮೇಲೇಳಲಿಲ್ಲ. ಗುಟ್ಟುಗಳೆಲ್ಲ ಒಂದೊಂದಾಗಿ ಬಯಲಾದವು. ಕಡೆಗೆ ಹೆಂಡತಿ ಸೀಟಿನ ಮೇಲಿದ್ದ ಪಾರ್ಸೆಲ್ ಬಿಚ್ಚಿ ಬೆಲ್ಟನ್ನು ಎತ್ತಿ ಹಿಡಿದಳು.

"ಬೆನ್ನು ಯಾವಾಗಿಂದ?"

"ಎರಡು ವರ್ಷ."

"ಆ ಶಿಳ್ಳೆ?"

ನಾನು ತಲೆ ತಗ್ಗಿಸಿದೆ. ಅವಳು ಹಳೇ ಟವೆಲ್ಲು ತಂದು ನನ್ನ ಕಿವಿ ಒರೆಸತೊಡಗಿದಳು. ಅಷ್ಟು ಜೋರಾಗಿ ಒರೆಸಿದ್ದರಿಂದ ಸಿಟ್ಟು ಬಂದಿದೆ ಎಂದುಕೊಂಡೆ. ನೋಡಿದರೆ ಅವಳು ಟವೆಲ್ಲಿನ ಇನ್ನೊಂದು ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು.

"ನನಗೆ ಹೇಳಿದ್ರೆ ಏನಾಗ್ತಿತ್ತು?"

"ನೀನು ಶೆಡ್ ಮುಚ್ಚಿ ಅಂತಿದ್ದೆ."

"ನಾನು ಯಾವತ್ತು ಹಾಗಂದೆ? ಹನ್ನೊಂದು ವರ್ಷದಿಂದ ದಿನಾ ಹನ್ನೊಂದರಿಂದ ಮೂರರವರೆಗೆ ನನಗೆ ಬಸ್ಸಿಲ್ಲ. ಮನೇಲಿ ಕೂತು ಗೋಡೆ ನೋಡ್ತೀನಿ. ಒಂದು ದಿನವಾದ್ರೂ ಬಾ, ಈ ಸ್ಪ್ಯಾನರ್ ಹಿಡಿ ಅಂದಿದೀರಾ? ಶೆಡ್ಡಿನ ಹತ್ತಿರ ಬಂದ್ರೆ ಬಟ್ಟೆಗೆ ಗ್ರೀಸ್ ಆಗುತ್ತೆ ಹೋಗು ಅಂತೀರಿ."

ಡಾಕ್ಟರಮ್ಮನ ಕಡೆ ನೋಡಿದೆ. "ನೀವಾದ್ರೂ ಹೇಳಿ. ನನ್ನ ಕೆಲಸ ಮುಗೀತಾ?"

"ಚಿಕ್ಕಪ್ಪನನ್ನೇ ನಾನು ಗುಜರಿಗೆ ಹಾಕಿಲ್ಲ," ಎಂದರು ಅವರು. "ನಿಮ್ಮನ್ನ ಹಾಕ್ತೀನಾ?"

ಆಮೇಲೆ ಅವರು, ನಾನು ಗಾಡಿಗಳ ದೋಷ ಬರೆದಿಡುವ ಕಾರ್ಡೊಂದನ್ನು ಮೇಜಿನಿಂದ ಎತ್ತಿಕೊಂಡು ಬರೆದು, ಗೋಡೆಗೆ ಸಿಕ್ಕಿಸಿದರು. "ಎಡಮಂಡಿ: ಸದ್ದು. ಭುಜ: ಬಿಗಿ. ಬೆನ್ನು: ಜಾಮ್. ಬಾಯಿ: ಚೆನ್ನಾಗಿ ಓಡುತ್ತದೆ, ಅದನ್ನು ಮಾತ್ರ ಬಳಸಬಹುದು."

ಗುರುವಾರದಿಂದ ಹೊಸ ಆಡಳಿತ ಬಂತು. ಬೆಳಿಗ್ಗೆ, ಸಂಜೆ ಡಾಕ್ಟರಮ್ಮ ಬರೆದುಕೊಟ್ಟ ವ್ಯಾಯಾಮ. ಹನ್ನೊಂದರಿಂದ ಮೂರರವರೆಗೆ ಹೆಂಡತಿ ನನ್ನ ಹಳೇ ಪ್ಯಾಂಟು ತೊಟ್ಟು ಶೆಡ್ಡಿನಲ್ಲಿ. ಊಟದ ಬಿಡುವಿನಲ್ಲಿ ಡಾಕ್ಟರಮ್ಮನೂ ಬರುತ್ತಿದ್ದರು. ನಾನು ಬೆಲ್ಟು ಕಟ್ಟಿಕೊಂಡು ಬೆಂಚಿನ ಮೇಲೆ ಮಲಗಿ ಅಪ್ಪಣೆ ಕೊಡುತ್ತಿದ್ದೆ.

ಅಪ್ಪಣೆ ಕೊಡುವುದು ಇಷ್ಟು ಕಷ್ಟ ಎಂದು ಯಾರಿಗೆ ಗೊತ್ತಿತ್ತು?

"ಅದನ್ನ ಹಿಡ್ಕೊಂಡು ಇದನ್ನ ತಿರುಗಿಸು."

"ಯಾವುದನ್ನ ಹಿಡ್ಕೊಂಡು ಯಾವುದನ್ನ?"

"ಅದೇ, ಅದರ ಪಕ್ಕದ್ದು."

"ಮಕ್ಕಳಿಗೆ ಹೀಗೆ ದಾರಿ ಹೇಳಿದ್ರೆ ಒಂದೂ ಮನೆ ಸೇರ್ತಿರಲಿಲ್ಲ," ಎಂದವಳೇ ಸೀಮೆಸುಣ್ಣ ತಂದು ಚಿಕ್ಕಪ್ಪನ ಮೈಮೇಲೆಲ್ಲ ಒಂದು, ಎರಡು, ಮೂರು ಎಂದು ನಂಬರು ಬರೆದಳು. "ಈಗ ಹೇಳಿ." ನನಗೆ ಮೊದಮೊದಲು ಅವಮಾನವಾಯಿತು. ಮಧ್ಯಾಹ್ನದ ಹೊತ್ತಿಗೆ "ಏಳನ್ನ ಸಡಿಲ ಮಾಡಿ ಒಂಬತ್ತನ್ನ ಬಿಚ್ಚು" ಎಂದು ನಾನೇ ಹೇಳುತ್ತಿದ್ದೆ.

ಡೀಸೆಲ್ ಪಂಪಿನ ಹಿಂದೆ ಒಂದು ಬೋಲ್ಟಿದೆ. ಅದನ್ನು ಮುಟ್ಟಬೇಕಾದರೆ ಇಡೀ ಟ್ಯಾಂಕು ಇಳಿಸಬೇಕು; ನಾನು ಪ್ರತಿ ಸಲ ಅರ್ಧ ದಿನ ಅದಕ್ಕೇ ಮೀಸಲಿಡುತ್ತಿದ್ದೆ. ಈ ವಿಷಯವನ್ನು ಗಂಭೀರವಾಗಿ ವಿವರಿಸುತ್ತಿರುವಾಗಲೇ ಅವಳು ತನ್ನ ತೆಳ್ಳನೆಯ ಕೈಯನ್ನು ಸಂದಿಯಲ್ಲಿ ತೂರಿಸಿ, ನಾಲ್ಕು ಸಲ ತಿರುಗಿಸಿ, ಬೋಲ್ಟನ್ನು ನನ್ನ ಹೊಟ್ಟೆಯ ಮೇಲಿಟ್ಟಳು.

"ಇದಕ್ಕಾ ಅರ್ಧ ದಿನ?"

ನಾನು ಬೋಲ್ಟನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬೇರೆ ಬೋಲ್ಟು ಇರಬಹುದೇ ಎಂಬ ಸಣ್ಣ ಆಸೆ. ಅದೇ ಆಗಿತ್ತು.

ಶನಿವಾರ ಬೆಳಿಗ್ಗೆ ಎಲ್ಲವೂ ಸ್ವಚ್ಛ, ಹೊಸ ಎಣ್ಣೆ, ಹೊಸ ಡೀಸೆಲ್, ಬಡಗಿಯ ಗಾಡಿಯಿಂದ ತಂದ ಬ್ಯಾಟರಿ. ಡಾಕ್ಟರಮ್ಮ ಸೀಟಿನ ಮೇಲೆ ಕೂತು ಬಟನ್ ಒತ್ತಿದರು. ಎಂಜಿನ್ನು ತಿರುಗಿತು, ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೊಮ್ಮೆ ಒತ್ತಿದರು. ಹೊಗೆಯೂ ಇಲ್ಲ. ನಾಲ್ಕನೇ ಸಲಕ್ಕೆ ಬ್ಯಾಟರಿ ದಣಿಯತೊಡಗಿತು. ಡಾಕ್ಟರಮ್ಮ ಬಟನ್ನಿನಿಂದ ಬೆರಳು ತೆಗೆದರು. ಹೆಂಡತಿಯ ಮುಖ ಬಾಡಿತು.

ನಾನು ಬೆಂಚಿನಿಂದ ಡಾಕ್ಟರಮ್ಮ ಕಲಿಸಿದ ಹಾಗೆಯೇ ಎದ್ದೆ. ಮೊದಲು ಪಕ್ಕಕ್ಕೆ ಹೊರಳು, ಕಾಲು ಇಳಿಬಿಡು, ಆಮೇಲೆ ಏಳು. ಎಂಜಿನ್ನಿನ ಹತ್ತಿರ ಕಿವಿ ತಂದೆ.

"ಯಾರೂ ಮಾತಾಡಬೇಡಿ. ಇನ್ನೊಂದೇ ಸಲ ತಿರುಗಿಸಿ, ಅರ್ಧ ನಿಮಿಷ ಬೇಡ, ಮೂರು ಎಣಿಸೋಷ್ಟು."

ತಿರುಗಿತು. ಆ ಗದ್ದಲದ ಕೆಳಗೆ, ನಿದ್ದೆಯಲ್ಲಿ ಮಗು ಮೂಗಿನಿಂದ ಎಳೆಯುವಂಥ ಒಂದು ಸಣ್ಣ ಸದ್ದು. ನನಗೆ ಮಾತ್ರ ಕೇಳಿಸಿತು.

"ಹನ್ನೆರಡನೇ ನಂಬರ್," ಎಂದೆ ಹೆಂಡತಿಗೆ. "ಅದರ ವಾಷರ್ ಸರಿ ಕೂತಿಲ್ಲ. ಅಲ್ಲಿಂದ ಗಾಳಿ ಎಳೀತಿದೆ. ಡೀಸೆಲ್ ಮುಂದೆ ಹೋಗ್ತಿಲ್ಲ."

ಅವಳು ವಾಷರ್ ಬದಲಾಯಿಸಿ, ಪೈಪಿನ ಗಾಳಿ ತೆಗೆದು, ಬಿಗಿ ಮಾಡಿದಳು. ಡಾಕ್ಟರಮ್ಮ ಕಣ್ಣು ಮುಚ್ಚಿ ಬಟನ್ ಒತ್ತಿದರು. ಎಂಜಿನ್ನು ಒಮ್ಮೆ ಸೀನಿತು. ಕರಿ ಹೊಗೆ ಕಾರಿತು. ಆಮೇಲೆ ಹದಿನಾಲ್ಕು ವರ್ಷದ ಕಫವನ್ನೆಲ್ಲ ಒಂದೇ ಸಲ ಹೊರಹಾಕುವವನ ಹಾಗೆ ಕೆಮ್ಮಿ, ಕೆಮ್ಮಿ, ಕೆಮ್ಮುತ್ತಲೇ ಓಡತೊಡಗಿತು.

"ಚಿಕ್ಕಪ್ಪ," ಎಂದರು ಡಾಕ್ಟರಮ್ಮ, ಮೆಲ್ಲಗೆ. ಕೆನ್ನೆ ಒರೆಸಿಕೊಂಡಾಗ ಮಸಿ ಬಳಿದುಕೊಂಡಿತು. ಹೆಂಡತಿ ಗ್ರೀಸಿನ ಕೈಯಲ್ಲೇ ನನ್ನ ಭುಜ ತಟ್ಟಿದಳು. ನೋಯುವ ಭುಜವೇ. ನಾನು ಶಿಳ್ಳೆ ಹಾಕಲಿಲ್ಲ, "ಅಯ್ಯೋ" ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಬಾಯ್ತುಂಬ "ಅಯ್ಯೋ" ಎಂದದ್ದು ಎಷ್ಟು ಸುಖವಾಗಿತ್ತು ಗೊತ್ತೆ?

ಭಾನುವಾರ ಚಿಕ್ಕಪ್ಪನ ಹೊಲ ಉತ್ತಾಯಿತು. ಡಾಕ್ಟರಮ್ಮ ಹೊಡೆದ ಸಾಲುಗಳು ಸ್ವಲ್ಪ ಸೊಟ್ಟ, ಹೆಂಡತಿ ಹೊಡೆದವು ರೂಲರಿಟ್ಟು ಗೆರೆ ಎಳೆದ ಹಾಗೆ. ನಾನು ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ನೋಡಿದೆ. ಈಗ ಕಾಲುಚೀಲ ಹಾಕಿಕೊಳ್ಳುವಾಗ ಬಚ್ಚಲಿನ ಬಾಗಿಲು ತೆರೆದೇ ಇರುತ್ತದೆ. ಮಂಡಿ ಮೊದಲಿಗಿಂತ ಮೆತ್ತಗಾಗಿದೆ. ಕೈ ನೀರಿನ ಲೋಟದಿಂದ ನೀರಿನ ಚೊಂಬಿಗೆ ಬಡ್ತಿ ಪಡೆದಿದೆ.

ಹೀಗಿರುವಾಗ ಕಳೆದ ವಾರ ಒಬ್ಬ ರೈತ ಎಲ್ಲಿಂದಲೋ ದೂರದಿಂದ ಬಂದ. ಹೊರಗೆ ಲಾರಿಯ ಮೇಲೆ ಹಸಿರು ಬಣ್ಣದ ಹಳೇ ಟ್ರ್ಯಾಕ್ಟರು. ನೋಡಿದ ಕೂಡಲೇ ನನ್ನ ಎದೆ ಉಬ್ಬಿತು. ನನ್ನ ಕೀರ್ತಿ ಇಷ್ಟು ದೂರ ಹಬ್ಬಿದೆಯಲ್ಲ! ಬೆಲ್ಟು ಬಿಗಿ ಮಾಡಿಕೊಂಡು ಎದ್ದುನಿಂತೆ.

"ಮೇಸ್ತ್ರಿ ಇದಾರಾ?" ಎಂದ.

"ನಾನೇ, ಹೇಳಿ."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಗೋಡೆಯ ಮೇಲಿದ್ದ ಕಾರ್ಡು ಓದಿದ. ಮತ್ತೆ ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ ಹೇಳಿದ.

"ಅಲ್ಲ ಯಜಮಾನ್ರೇ. ಟ್ಯಾಂಕ್ ಇಳಿಸದೆ ಪಂಪ್ ಬಿಚ್ತಾರಂತಲ್ಲ, ಆ ಮೇಸ್ತ್ರಿಯಮ್ಮ. ನೀವು ಕೂತ್ಕೊಳ್ಳಿ, ಪಾಪ, ನಿಮ್ಮ ರಿಪೇರಿ ಮೊದಲು ಮುಗೀಲಿ. ನಂದು ಅವಸರ ಇಲ್ಲ."

ನಾನು ಪಕ್ಕದ ಕುರ್ಚಿಯನ್ನು ಅವನ ಕಡೆ ಸರಿಸಿದೆ.

"ಕೂತ್ಕೊಳ್ಳಿ," ಎಂದೆ. "ಅವರು ಹನ್ನೊಂದಕ್ಕೆ ಬರ್ತಾರೆ."